ವಕೀಲರು ಹೊರಗೆ ನಿಂತ ದಿನ

ಹಾನಗಲ್ಲಿನಲ್ಲಿ ನಮ್ಮಪ್ಪ ವಕೀಲ, ಸಾಲದ್ದಕ್ಕೆ ರಾಜಕಾರಣಿ. ಎಪ್ಪತ್ತರ ದಶಕದಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದಾಗ ಹಿರೇಕೆರೂರು, ಶಿಗ್ಗಾಂವಿಯವರೆಗೂ ಹೋಗಿ ಗಂಟಲು ಹರಿಯುವಂತೆ ಭಾಷಣ ಮಾಡಿದ. ಜನ ಚಪ್ಪಾಳೆ ತಟ್ಟುತ್ತಿದ್ದರು, ಆಮೇಲೆ ತಮ್ಮತಮ್ಮಲ್ಲೇ, "ವಕೀಲರ ಅವ್ವನ ಹೊಲ ಯಾವಾಗ ಬಿಡ್ತಾರಂತ?" ಎಂದು ನಗುತ್ತಿದ್ದರು.

ಆ ಹೊಲ ನನ್ನ ಅಜ್ಜಿಯ ಹೆಸರಿನಲ್ಲಿತ್ತು. ಅಜ್ಜ ಹೋದ ಮೇಲೆ ಅವಳಿಗಿದ್ದ ಧೈರ್ಯ ಅದೊಂದೇ. ಅದನ್ನು ಪಾಲಿಗೆ ಮಾಡುತ್ತಿದ್ದ ರೈತ, ಹೊಲ ತನ್ನ ಹೆಸರಿಗಾಗಲೆಂದು ಅರ್ಜಿ ಹಾಕಲು ಒಲ್ಲೆನೆಂದ. ಅಪ್ಪನೇ ಗದರಿಸಿ ಹಾಕಿಸಿದ. ಅಂದಿನಿಂದ ಅಜ್ಜಿ ಮಗನ ಜತೆ ಮಾತು ಬಿಟ್ಟಳು. ಇವರ ಮಾತು ಅವರಿಗೆ ಮುಟ್ಟಿಸುವವಳು ನಾನು. ನಾನು ಕಾಲೇಜು ಕಲಿತದ್ದು ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ವಿಚಾರಣೆಯ ದಿನ ಅಜ್ಜಿಯ ಜತೆ ಕಚೇರಿಗೆ ಹೋದೆ. ಇಂಥ ಅರ್ಜಿ ಕೇಳುವ ಭೂ ನ್ಯಾಯಮಂಡಳಿಯ ಮುಂದೆ ವಕೀಲರು ಬಾಯಿ ಹಾಕುವಂತಿರಲಿಲ್ಲ, ಕಾನೂನೇ ಹಾಗಿತ್ತು. ಅಪ್ಪ ಕಿಟಕಿಯ ಹೊರಗೆ ನಿಂತಿದ್ದ.

"ಈ ಹೊಲ ಮಾಡೋರು ನೀವೇನ?" ಎಂದರು ಅಧಿಕಾರಿ. ರೈತ ಎದುರಿಗಿದ್ದ ಅಜ್ಜಿಯನ್ನು ನೋಡಿದ. ಮರ್ಯಾದೆಯಿಂದ ಕೈಮುಗಿದು, "ಹೊಲ ಅವ್ವಾರದ್ರಿ. ನಾ ಅವರ ಮನಿ ಆಳು" ಎಂದುಬಿಟ್ಟ.

ಹಕ್ಕು ಪಾಲಿಗೆ ಮಾಡುವವನಿಗೆ ಮಾತ್ರ, ಆಳು ಎಂದಾದರೆ ಅರ್ಜಿಯೇ ಬಿದ್ದುಹೋಗುತ್ತದೆ. ಊರೂರು ಮಾತಾಡಿದವನ ಬಾಯಿಗೆ ಬೀಗ ಬಿದ್ದಿತ್ತು. ಕಿಟಕಿಯ ಸರಳು ಹಿಡಿದ ಅಪ್ಪನ ಮುಖ ನೋಡಿ ಅಯ್ಯೋ ಅನ್ನಿಸಿತು. ಇನ್ನು ಅಜ್ಜಿ ಒಮ್ಮೆ ಹೂಂ ಎಂದರೆ ಸಾಕು, ಹೊಲ ಅವಳಿಗೇ ಉಳಿಯುತ್ತಿತ್ತು.

"ಹೌದೇನ್ರಿ, ಅವ್ವಾರ?" ಅಧಿಕಾರಿ ಅಜ್ಜಿಯ ಕಡೆ ತಿರುಗಿದರು.

ಅಜ್ಜಿಗೆ ಸಿಟ್ಟು ಬಂತು. "ಆಳಾಗಿದ್ರ ನಮ್ಮ ಹಿತ್ತಲದಾಗ ದಿನಾ ಉಣತಿದ್ದಿಲ್ಲೇನ್ರಿ? ಇಂವಾ ಒಂದು ದಿನಾನೂ ಉಂಡಿಲ್ಲ. ತನ್ನ ಬುತ್ತಿ ತಾನ ಕಟಗೊಂಡು ಬಂದು ದುಡದಾನ, ನಮ್ಮ ಪಾಲು ತಂದು ಹಾಕ್ಯಾನ. ನನ್ನ ಬಾಯಿಲೆ ಸುಳ್ಳು ಹೇಳಸಬ್ಯಾಡ್ರಿ."

ಹೊಲ ರೈತನದಾಯಿತು. ಮನೆಗೆ ಬಂದು ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಸಂಕಟವಾಯಿತು. ಗೆದ್ದೆನೆಂದು ಅಪ್ಪನೂ ಹಿಗ್ಗಲಿಲ್ಲ, ಕಟ್ಟೆಯ ಮೇಲೆ ಕುಳಿತಿದ್ದ.

ಮಧ್ಯಾಹ್ನ ರೈತ ಬಂದು ಅಂಗಳದಲ್ಲೇ ನಿಂತ. ಅಜ್ಜಿ ಕಣ್ಣೊರೆಸಿಕೊಂಡು, "ಉಣ್ಣಾಕ ಬಾ" ಎಂದಳು. ಅವನು ಹಿತ್ತಲಿನ ಕಡೆ ಹೊರಟ.

"ಅಲ್ಲಿ ಆಳು ಉಣತಾವ. ನೀ ಪಡಸಾಲ್ಯಾಗ ಕೂಡು" ಎಂದು ತಾಟು ಇಟ್ಟಳು. ಆಮೇಲೆ, ಎಷ್ಟೋ ದಿನಕ್ಕೆ ಮೊದಲ ಸಲ, ಮಗನ ಮುಖ ನೋಡಿದಳು.

"ಭಾಷಣ ಸಾಕು. ಹೊಲದ ಮಾಲಕ ಬಂದಾನ, ರೊಟ್ಟಿ ನೀಡು."

ಅಪ್ಪ ಒಳಗಿನಿಂದ ರೊಟ್ಟಿ ಬುಟ್ಟಿ ತಂದು ನೀಡಿದ.