ಭೂತಾಯಿ ಎಂದು ಪೇಡ್ವೆ ತಂದ ಮೇಲೆ

ನಾನು ಭೂತಾಯಿ ಮೀನು ಎಂದು ಪೇಡ್ವೆ ತಂದೆ. ನನ್ನ ಅಪರಾಧ ಇಷ್ಟೇ. ಭೂತಾಯಿಗೆ ಮುಂಬಯಿಯಲ್ಲಿ ತಾರ್ಲಿ ಎನ್ನುತ್ತಾರೆ. ಪೇಡ್ವೆ ಅದರ ದಾಯಾದಿ. ಅದೇ ಬೆಳ್ಳಿ ಮೈ, ಹೆಚ್ಚುಕಡಿಮೆ ಅದೇ ಅಳತೆ, ಆದರೆ ನೆಣ ಕಡಿಮೆ, ಮುಳ್ಳು ಜಾಸ್ತಿ. ಮಗನ ಗಂಟಲಲ್ಲಿ ಒಂದು ಮುಳ್ಳು ಸಿಕ್ಕಿಕೊಂಡಿತು. ಅನ್ನದ ಉಂಡೆ ನುಂಗಿ ಅದನ್ನು ಇಳಿಸಿಕೊಂಡ ಮೇಲೆ ಅವನು ತೀರ್ಪು ಕೊಟ್ಟ.

“ಅಮ್ಮ, ನಿಂಗೆ ಕಾಣುದಿಲ್ಲ, ಮಾನ್ ಲೇ, ಒಪ್ಕೋ. ಇನ್ನು ಮಾರ್ಕೆಟ್ ಬಂದ್. ಮೀನು ಆ್ಯಪ್‌ನಲ್ಲಿ ಬರ್ತದೆ.”

ಕೆಲವು ವರ್ಷಗಳಿಂದ ನನ್ನ ದೃಷ್ಟಿಯ ನಡುಭಾಗ ಮಸುಕು. ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ. ಇದಕ್ಕೆ ಆಪರೇಷನ್ ಇಲ್ಲ ಎಂದರು ಡಾಕ್ಟರು. ಒಪ್ಪಿಕೊಂಡೆ. ಪೇಪರು ಬಿಟ್ಟೆ, ಟಿ.ವಿ. ಬಿಟ್ಟೆ, ಸೂಜಿದಾರ ಸೊಸೆಗೆ ಕೊಟ್ಟೆ. ಆದರೆ ಗೋರೆಗಾಂವಿನ ಮೀನು ಮಾರ್ಕೆಟ್, ನಾನು ಮದುವೆಯಾಗಿ ಕುಂದಾಪುರದ ಕಡೆಯಿಂದ ಬಂದಾಗಿನಿಂದ ನನ್ನದು. ಯಾರ ಜೊತೆಯೂ ಇಲ್ಲದೆ, ನನ್ನ ಇಷ್ಟಕ್ಕೆ ನಾನು ನಡೆದುಹೋಗುವ ಜಾಗ ಅದೊಂದೇ. ಅದನ್ನೂ ಬಿಟ್ಟರೆ ನನಗೆ ಉಳಿಯುವುದು ಬಿಲ್ಡಿಂಗಿನ ಗೇಟಿನ ಬಳಿಯ ಬೆಂಚು.

ಆ ಭಾನುವಾರ ಆ್ಯಪಿನ ಮೀನು ಬಂತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಡುಗಳು. ತಲೆಯಿಲ್ಲ, ಬಾಲವಿಲ್ಲ, ಚರ್ಮವೂ ಇಲ್ಲ. ಸ್ಟಿಕ್ಕರಿನಲ್ಲಿ ಸುರ್ಮೈ ಎಂದು ಬರೆದಿದೆ ಎಂದಳು ಸೊಸೆ. ಊರಲ್ಲಿ ನಾವು ಅದಕ್ಕೆ ಅಂಜಲ್ ಎನ್ನುತ್ತೇವೆ. ಮೈಮೇಲೆ ಅಡ್ಡಗೀಟು ಇದ್ದರೆ ಒಂದು ಜಾತಿ, ಚುಕ್ಕಿ ಇದ್ದರೆ ಇನ್ನೊಂದು. ಚರ್ಮವನ್ನೇ ಸುಲಿದ ಮೇಲೆ ಗೀಟೆಲ್ಲಿ, ಚುಕ್ಕಿಯೆಲ್ಲಿ? ಆ ಡಬ್ಬಿಯ ಮುಂದೆ ಮನೆಯವರೆಲ್ಲ ಕುರುಡರೇ. ಆದರೂ ಅದನ್ನು ನಂಬಿದರು, ನನ್ನನ್ನು ನಂಬಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಇದೇ ಮಗ ಒಮ್ಮೆ ಕಡಲಿನ ದುಬಾರಿ ಪಾಪ್ಲೆಟ್ ಎಂದು ಹೆಮ್ಮೆಯಿಂದ ಮೀನು ತಂದಿದ್ದ. ತೊಳೆಯುವಾಗ ನನ್ನ ಬೆರಳಿಗೆ ಹಲ್ಲು ತಾಗಿತು, ಮನುಷ್ಯರಿಗಿರುವಂಥ ಸಾಲು ಹಲ್ಲು. ಅದು ಕೆರೆಯಲ್ಲಿ ಸಾಕುವ ರೂಪಚಂದ್. ಎಲ್ಲರೂ ನಕ್ಕೆವು, ಹುರಿದು ತಿಂದೆವು. ಮಾರ್ಕೆಟ್ ಬಂದ್ ಎಂದು ಅವನಿಗೆ ಯಾರೂ ಹೇಳಲಿಲ್ಲ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಅತ್ತೆಯ ಜಾಗದಲ್ಲಿ ಮಗ ಇದ್ದಾನೆ.

ಬುಧವಾರ ಅವನು ಆಫೀಸಿಗೆ ಹೋದ ಮೇಲೆ ನಾನು ಚಪ್ಪಲಿ ಮೆಟ್ಟಿದೆ. “ಅವರು ಗುಸ್ಸಾ ಆಗ್ತಾರೆ, ಅತ್ತೆ,” ಎಂದಳು ಸೊಸೆ.

“ಆಗ್ಲಿ. ನಾನ್ ಹೋತೆ,” ಎಂದೆ.

ಮಾರ್ಕೆಟಿನಲ್ಲಿ ಬುಟ್ಟಿಗೆ ಕೈ ಹಾಕಿದಾಗ ಮೀನಿನವಳು ಮುಟ್ಟಬೇಡ ಎಂದು ಗದರಿದಳು. “ಆಜಿ, ಹಾತ್ ನಕೋ ಲಾವೂ.” ಕಣ್ಣಿಲ್ಲ, ಕೈಯಲ್ಲೇ ನೋಡುವವಳು ಎಂದು ನನ್ನ ಮುರುಕು ಮರಾಠಿಯಲ್ಲಿ ಹೇಳಿ ಕೈ ತೆಗೆಯದೆ ನಿಂತೆ. ಬಾಲದಿಂದ ತಲೆಯ ಕಡೆಗೆ ಹೊಟ್ಟೆಯ ಅಡಿಯಲ್ಲಿ ಬೆರಳು ಎಳೆದರೆ ಭೂತಾಯಿ ದುಂಡಗೆ, ನಯವಾಗಿರುತ್ತದೆ. ಪೇಡ್ವೆ ಗರಗಸದ ಹಾಗೆ ಚುಚ್ಚುತ್ತದೆ. ಅವಳು ಗೊಣಗುತ್ತಲೇ ಇದ್ದಳು, ನಾನು ಆರಿಸುತ್ತಲೇ ಇದ್ದೆ. ಅಂದು ತಂದದ್ದು ಅಪ್ಪಟ ಭೂತಾಯಿ. ರಾತ್ರಿ ಊಟಕ್ಕೆ ಕುಳಿತ ಮಗ ಎರಡು ಸಲ ಸಾರು ಹಾಕಿಸಿಕೊಂಡ, ಯಾರು ತಂದದ್ದು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹಾಗೆಯೇ ಕೆಲವು ವಾರ ನಡೆಯಿತು. ಒಂದು ಶುಕ್ರವಾರ ಬುಟ್ಟಿಯ ತುಂಬ ಐಸ್. ನನ್ನ ಬೆರಳು ಮರಗಟ್ಟಿತ್ತು. ಮನೆಗೆ ಬಂದು ಹುರುಪೆ ತೆಗೆಯಲು ಕುಳಿತಾಗ ಮೀನಿನ ಹೊಟ್ಟೆ ಬೆರಳಿಗೆ ಚುಚ್ಚಿತು. ಪೂರಾ ಪೇಡ್ವೆ. ಖಾರ ಜಾಸ್ತಿ ಹಾಕಿ ಹುರಿದುಬಿಟ್ಟರೆ ಗೊತ್ತಾಗುವುದಿಲ್ಲ ಎಂದು ಸೊಸೆ ಮೆಲ್ಲಗೆ ಹೇಳಿದಳು. ನನ್ನ ಪರವಾಗಿಯೇ ಹೇಳಿದಳು, ಪಾಪ. ನಾನು ಒಪ್ಪಲಿಲ್ಲ. ತಪ್ಪು ಮಾಡದೆ ಇದ್ದರೆ ಮಾತ್ರ ಹೊರಗೆ ಕಾಲಿಡಬಹುದು ಎಂಬ ಷರತ್ತು ಈ ಮನೆಯಲ್ಲಿ ಬೇರೆ ಯಾರಿಗೂ ಇಲ್ಲ.

ರಾತ್ರಿ ಮಗನ ತಟ್ಟೆಗೆ ನಾನೇ ಬಡಿಸಿದೆ.

“ಇವತ್ತು ಪೇಡ್ವೆ ಮಗಾ. ನಾನೇ ತಪ್ಪಿ ತಂದದ್. ಮುಳ್ ಕಂಡ್ಕಂಡ್ ತಿನ್ನು. ಬುಧವಾರ ಮತ್ತೆ ನಾನೇ ಹೋತೆ.”

ಅವನು ತಲೆ ಎತ್ತಿದ. ಅವನ ಎರಡು ಕಿವಿ, ಅಂಗಿಯ ಕಾಲರು ಕಂಡವು. ಮುಖ ಹೇಗಾಯಿತೋ ನನಗೆ ಕಾಣಲಿಲ್ಲ, ಕಾಣಬೇಕೆಂದೂ ಅನಿಸಲಿಲ್ಲ.