ನೆರಳಲ್ಲಿ ಒಣಗಿದ ಲಕ್ಕಿ ಸೊಪ್ಪು

ವಕ್ಕಲೇರಿ ಊರಾಚೆಯ ಹೊಲದ ಬದುವಿನ ಮೇಲೆ ಆಗತಾನೆ ಬೆಳಕು ಹರಿಯುತ್ತಿದೆ. ಆಂಜಿನಮ್ಮ ಲಕ್ಕಿ ಗಿಡದ ಕೊಂಬೆ ಒದರಿ, ಇಬ್ಬನಿ ಉದುರಿಸಿ ಎಲೆ ಕೀಳುತ್ತಿದ್ದಾರೆ. ಪತ್ರಿಕೆಗೆ ಬರೆಯಲೆಂದು ಮಾತಾಡಿಸಲು ಬಂದ ನನ್ನ ಕೈಗೂ ಗೋಣಿಚೀಲದ ಬಾಯಿ ಬಂದಿದೆ. "ಬರ್ಕೊಳ್ಳೋದು ಆಮೇಲೆ ಸಾಮೀ, ಈಗ ನೆಟ್ಟಗೆ ಹಿಡ್ಕೊಳ್ಳಿ," ಎನ್ನುತ್ತಾರೆ. ಹಿಡಿಯದೆ ವಿಧಿಯಿಲ್ಲ.

ಐವತ್ತು ದಾಟಿದ ಈ ಹೆಂಗಸು ಚಿಕ್ಕಂದಿನಿಂದ ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ದವರು. ಎಂಬತ್ತನೇ ಇಸವಿಯಿಂದ, ಅಂದರೆ ನಾಲ್ಕು ವರ್ಷಗಳಿಂದ, ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೂ ಬೇರೆ ಬೇರೆ ಗಿಡಗಳ ಎಲೆ ಒದಗಿಸುತ್ತಿದ್ದಾರೆ. ಅಲ್ಲಿನ ಸಂಶೋಧಕಿ ಶಾಮಲಮ್ಮ, ಎಲೆಗಳಲ್ಲಿರುವ ಫ್ಲೇವನಾಯ್ಡ್ ಎಂಬ ಹಳದಿ ಸಾರ ತೆಗೆದು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿ ನೋಡುತ್ತಾರೆ. ಹತ್ತು ಕೆಜಿ ಹಸಿ ಎಲೆ ಒಣಗಿದರೆ ಮೂರು ಕೆಜಿ. ಅದರಿಂದ ಬರುವ ಸಾರ ಒಂದು ಚಮಚವೂ ಆಗದು. ಆಂಜಿನಮ್ಮನ ಅಕ್ಕ ಎದೆಯ ಗಡ್ಡೆಯಿಂದ ತೀರಿಕೊಂಡವರು. ಹಾಗಾಗಿ ಈ ಕೆಲಸ ಇವರಿಗೆ ಬರೀ ಕೂಲಿಯಲ್ಲ.

ಹೋದ ವರ್ಷ ಲಕ್ಕಿ ಗಿಡ ಸಂಶೋಧನೆಯ ಪಟ್ಟಿಯಿಂದಲೇ ಹೊರಬೀಳುವುದರಲ್ಲಿತ್ತು. ಶಾಮಲಮ್ಮ ಎದುರಿಗೇ ನಿಂತು ಒಣಗಿಸಿದ ಲಕ್ಕಿಯ ಮೊದಲ ಚೀಲದ ಸಾರಕ್ಕೆ ಜೀವಕೋಶಗಳು ಬೆಳೆಯುವುದನ್ನು ನಿಲ್ಲಿಸಿದ್ದವು. ಆಂಜಿನಮ್ಮ ಒಬ್ಬರೇ ಒಣಗಿಸಿ ಕಳಿಸಿದ ಎರಡನೆಯ ಚೀಲಕ್ಕೆ ಅವು ಜಗ್ಗಲೇ ಇಲ್ಲ. ಈ ಗಿಡ ಬಿಟ್ಟುಬಿಡೋಣ ಎಂದು ಹೇಳಲು ಶಾಮಲಮ್ಮ ಊರಿಗೇ ಬಂದರು. ಆಂಜಿನಮ್ಮ ಸುಮ್ಮನಿದ್ದಿದ್ದರೆ ನಡೆದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಕೆಲಸವೇ ಹೋಗಬಹುದಿತ್ತು.

"ತಪ್ಪು ಗಿಡದ್ದಲ್ಲ ಮೇಡಮ್ಮಾ, ನಂದು," ಎಂದುಬಿಟ್ಟರು. "ರೇಷ್ಮೆ ಸೊಪ್ಪು ಬಾಡ್ದಂಗೆ ಒದ್ದೆ ಗೋಣಿ ಹೊದಿಸಿ ರೂಢಿ. ಇದಕ್ಕೂ ಹೊದಿಸ್ಬಿಟ್ಟೆ. ಎರಡು ದಿನಕ್ಕೆ ಒಳಗೊಳಗೇ ಬಿಸಿಯಾಗಿ ಕಪ್ಪಗಾಗಿತ್ತು. ಸೊಪ್ಪು ತಾನೇ ಅಂತ ಹಂಗೇ ಒಣಗಿಸಿ ಕಳಿಸ್ದೆ. ಇನ್ನೊಂದ್ಸಲ ನೋಡಿ, ಗಿಡ ಬಿಡ್ಬೇಡಿ."

ಶಾಮಲಮ್ಮ ಬೈಯಲಿಲ್ಲ. ಮೂರನೆಯ ಚೀಲ ನೆರಳಲ್ಲಿ, ಒಂದೊಂದೇ ಎಲೆ ಹರಡಿ ಒಣಗಿತು. ಜೀವಕೋಶಗಳ ಬೆಳವಣಿಗೆ ಮತ್ತೆ ನಿಂತಿತು. ಗಾಜಿನ ತಟ್ಟೆಯಲ್ಲಿ ಕಂಡದ್ದು ಮನುಷ್ಯರಿಗೆ ಮದ್ದಾಗಲು ಬಹಳ ದೂರವಿದೆ, ಆಗದೆಯೂ ಹೋಗಬಹುದು ಎಂದು ಶಾಮಲಮ್ಮ ಬಿಡಿಸಿ ಹೇಳಿದ್ದಾರೆ. ಆದರೂ ಆಂಜಿನಮ್ಮನನ್ನು ಬೆಂಗಳೂರಿಗೆ ಕರೆಸಿ ಸೂಕ್ಷ್ಮದರ್ಶಕದಲ್ಲಿ ಆ ಜೀವಕೋಶಗಳನ್ನು ತೋರಿಸಿದರು. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ ಆಂಜಿನಮ್ಮ ಕೇಳಿದ್ದು ಒಂದೇ ಮಾತು: "ನಮ್ಮಕ್ಕಯ್ಯನ್ನ ತಿಂದಿದ್ದು ಇಷ್ಟು ಸಣ್ಣದಾ?"

ಈಗ ಬಿಸಿಲು ಬದುವಿಗೆ ಬಂದಿದೆ. ನಿಮಗೇನು ಆಸೆ ಎಂದು ಕೇಳುತ್ತೇನೆ.

"ಮದ್ದಾಗೋದು ಬಿಡೋದು ಓದಿದೋರ ಕೈಲಿದೆ. ನನ್ನ ಸೊಪ್ಪಿಂದ ಮಾತ್ರ ಇನ್ನೊಂದ್ಸಲ ಕೆಡಬಾರದು," ಎನ್ನುತ್ತಾ ಆಂಜಿನಮ್ಮ ಚೀಲವನ್ನು ನೆರಳಿಗೆ ಎಳೆಯುತ್ತಾರೆ.