ಒಂದೇ ಪರದೆ, ನಾಲ್ಕು ಪಾದ

ನನಗೆ ಅವಳಿ ಮಕ್ಕಳು. ಮಗಳು ಮಗನಿಗಿಂತ ಹತ್ತು ನಿಮಿಷ ದೊಡ್ಡವಳು. ನಾಲ್ಕು ವರ್ಷದವರಿದ್ದಾಗ, ಸುರಪುರದ ನಮ್ಮ ಮನೆಗೆ ಯಾರೇ ಬಂದರೂ ಇಬ್ಬರೂ ಓಡಿಹೋಗಿ ಅಡುಗೆಮನೆಯ ಪರದೆಯ ಹಿಂದೆ ನಿಲ್ಲುತ್ತಿದ್ದರು. ಕೆಳಗೆ ನಾಲ್ಕು ಪಾದ ಕಾಣುತ್ತಿದ್ದವು.

"ಹುಡುಗಿ ಭಾಳ ಸಂಭಾವಿತ ಅದಾಳ್ರಿ, ನಮ್ಮ ಮನಿತನದ ಗುಣ" ಎನ್ನುತ್ತಿದ್ದಳು ನನ್ನ ಅವ್ವ. "ಹುಡುಗ ಮುಖೇಡಿ ನೋಡ್ರಿ, ಶಹಾಪುರದ ರಕ್ತ."

ಶಹಾಪುರ ನನ್ನ ಹೆಂಡತಿಯ ತವರು. ಒಂದೇ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಕೂಡಿದ್ದ ಮಕ್ಕಳಿಗೆ ರಕ್ತವನ್ನು ಇಷ್ಟು ಅಚ್ಚುಕಟ್ಟಾಗಿ ಹಂಚಿದ ವಿಜ್ಞಾನಿ ನಮ್ಮ ಅವ್ವನೊಬ್ಬಳೇ ಇರಬೇಕು. ಸಣ್ಣವನಿದ್ದಾಗ ಬೀಗರು ಬಂದರೆ ಜೋಳದ ಚೀಲಗಳ ಸಂದಿಯಲ್ಲಿ ಅಡಗಿ, ಅಲ್ಲೇ ನಿದ್ದೆ ಹೋಗುತ್ತಿದ್ದವನು ನಾನು. ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ.

ಮಗನಿಗೆ ಮದ್ದು ಶುರುವಾಯಿತು. ಅವ್ವ ಅವನನ್ನು ಕೊಡೇಕಲ್‌ನ ಗುಡಿಗೆ ಕರೆದೊಯ್ದು ತಾಯತ ಕಟ್ಟಿಸಿದಳು. ಎದುರಿನ ಕಿರಾಣಿ ಅಂಗಡಿಗೆ ಕಳಿಸಿ, "ಸಕ್ಕರಿ ಕೊಡ್ರಿ ಅಂತ ಜೋರ್‌ಲೆ ಕೇಳ್" ಎಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಮಗಳಿಗೆ ಮಾತ್ರ ಸುಮ್ಮನಿದ್ದದ್ದಕ್ಕೆ ಬೆಲ್ಲದ ಚೂರು ಸಿಗುತ್ತಿತ್ತು.

"ಅತ್ತ್ಯಾರು ಹುಡುಗಿ ಬಾಯಿ ಕಟ್ಟಿಹಾಕಾಕತ್ತಾರ. ನೀವರ ಒಂದ್ ಮಾತು ಹೇಳ್ರಿ" ಎಂದಳು ಹೆಂಡತಿ. ನಾಳೆ ಹೇಳಿದರಾಯಿತು ಅಂದುಕೊಂಡೆ.

ಆರು ತಿಂಗಳಲ್ಲಿ ಮಗ ಬಾಯಿಬಡುಕನಾದ. ಅವ್ವ ತಾಯತದ ಮಹಿಮೆ ಅಂದಳು. ಸಕ್ಕರೆಯದಿರಬೇಕು ಎಂದು ನನ್ನ ಅನುಮಾನ. ಒಮ್ಮೆ ನೆಂಟರು ಬಂದು ವಾರ ತಂಗಿದ್ದರು; ಆಗ ಒಂದು ಬೆಳಗ್ಗೆ ಅವನೇ ಬಂದು, "ಅಪ್ಪಾ, ಅಕ್ಕನ ಕಿವ್ಯಾಗಿಂದ ಕೀವು ಸೋರಾಕತ್ತದ" ಅಂದ. ಹೋಗಿ ನೋಡಿದರೆ ದಿಂಬು ತೊಯ್ದಿತ್ತು.

ಯಾದಗಿರಿಯ ದವಾಖಾನೆಯಲ್ಲಿ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರು. "ಕಿವಿ ಪರದಾ ತೂತ ಬಿದ್ದದ್ರಿ. ನಾಕ್ ದಿನ ನೋವು ತಿಂದದ ಕೂಸು. ಯಾಕವ್ವಾ, ಮನ್ಯಾಗ ಹೇಳಲಿಲ್ಲ?"

ಮಗಳು ನನ್ನ ಅಂಗಿಯಲ್ಲಿ ಮುಖ ಹುದುಗಿಸಿದಳು. ನನಗಷ್ಟೇ ಕೇಳುವಂತೆ ಹೇಳಿದಳು: "ಮನ್ಯಾಗ ಮಂದಿ ಇದ್ರಲ್ಲಪಾ. ಸಂಭಾವಿತ ಹುಡುಗ್ಯಾರು ಮಾತಾಡಂಗಿಲ್ಲ."

ನನಗೆ ಸಿಟ್ಟು ಬಂದದ್ದು ಅವ್ವನ ಮೇಲಲ್ಲ, ನನ್ನ ಮೇಲೆಯೇ.

ಮನೆಗೆ ಬಂದರೆ ಜಗುಲಿಯ ತುಂಬ ಅದೇ ನೆಂಟರು. ಕಿವಿಯಲ್ಲಿ ಹತ್ತಿ ಇಟ್ಟುಕೊಂಡ ಮಗಳು ಸರಕ್ಕನೆ ಒಳಗೆ ಹೋದಳು. ಪರದೆಯ ಕೆಳಗೆ ಈಗ ಎರಡೇ ಪಾದ.

"ಅಷ್ಟು ನೋವಿದ್ರೂ ಪಿಟಕ್ಕಂದಿಲ್ಲ ನೋಡ್ರಿ" ಎಂದು ಅವ್ವ ಶುರು ಮಾಡಿದಳು. "ನಮ್ಮ ಮನಿತನದ..."

"ಸಾಕವ್ವಾ!" ಅಂದೆ. "ಇಬ್ಬರೂ ನನ್ನಂಗ ಮುಖೇಡಿಗಳು. ರಕ್ತ ನಂದು. ನಾಳಿಯಿಂದ ಇಕಿನೂ ಸಕ್ಕರಿ ತರಾಕ ಹೋಗ್ತಾಳ, ಜೋರ್‌ಲೆ ಕೇಳ್ತಾಳ."

ಅವ್ವ ನೆಂಟರ ಕಡೆ ತಿರುಗಿದಳು.

"ಮದುವಿ ಆಗೋತನಕ ಇಂವನೂ ಭಾಳ ಸಂಭಾವಿತ ಇದ್ದ ನೋಡ್ರಿ."